ಮುಗಿಸಿದ ಆಟಗಳು

ನಮ್ಮ ಮನೆಯ ಗೋಡೆಬೀರುವಿನಲ್ಲಿ ಹಾಲಿನ ಲೆಕ್ಕದ ಪುಸ್ತಕ, ಚೀಟಿ ಲೆಕ್ಕದ ಪುಸ್ತಕ, ಗ್ಯಾಸಿನ ಪುಸ್ತಕ ಇವುಗಳ ಜೊತೆಗೆ ನೂರು ಪುಟದ ಇನ್ನೊಂದು ನೋಟ್‌ಬುಕ್ಕು ಇದೆ. ಅದರ ರಟ್ಟಿನ ಮೇಲೆ ನನ್ನದೇ ಕೈಬರಹದಲ್ಲಿ ‘ಮುಗಿಸಿದ ಆಟಗಳು – 2024’ ಎಂದು ಬರೆದಿದೆ. ಈಚೆಗೆ ಮನೆಗೆ ಬಂದಿದ್ದ ನನ್ನ ನಾದಿನಿ ಚೀಟಿ ಪುಸ್ತಕ ಹುಡುಕುವಾಗ ಅದನ್ನು ಕೈಗೆತ್ತಿಕೊಂಡು, “ಸ್ಕೂಲಿನ ಕ್ರೀಡಾಕೂಟದ್ದಾ ಅತ್ತಿಗೆ?” ಎಂದಳು. ಹೌದು ಎಂದುಬಿಟ್ಟೆ. ಐವತ್ತು ದಾಟಿದ ಹೆಂಗಸು, ಅದರಲ್ಲೂ ಮಕ್ಕಳಿಗೆ ಪಾಠ ಹೇಳುವವಳು, ರಾತ್ರಿ ಊಟದ ಪಾತ್ರೆ ತೊಳೆದಿಟ್ಟ ಮೇಲೆ ಲ್ಯಾಪ್‌ಟಾಪಿನ ಮುಂದೆ ಕುಳಿತು ವಿಡಿಯೋ ಗೇಮ್ ಆಡುತ್ತಾಳೆ, ಆಡುವುದಷ್ಟೇ ಅಲ್ಲ, ಅದಕ್ಕೊಂದು ಲೆಕ್ಕವನ್ನೂ ಇಡುತ್ತಾಳೆ ಎಂದು ಹೇಳುವ ಧೈರ್ಯ ಆ ಹೊತ್ತಿಗೆ ಬರಲಿಲ್ಲ. ಎದುರಿಗೆ ಹೇಳಲಾಗದ್ದನ್ನು ಮುಚ್ಚಿಡುವುದು ನನ್ನ ಹಳೆಯ ಕಾಯಿಲೆ. ಅದರ ವಿಷಯ ಮುಂದೆ ಬರುತ್ತದೆ.

ಮೊದಲಿಗೆ ಒಂದು ಮಾತು ಸ್ಪಷ್ಟವಾಗಲಿ. ನಾನು ಈ ಮೊಬೈಲು ಆಟಗಳ ಪರವಾಗಿ ವಕಾಲತ್ತು ವಹಿಸಲು ಹೊರಟವಳಲ್ಲ. ನಮ್ಮ ಹುಡುಗರು ಫ್ರೀ ಫೈರ್ ಎಂದೂ ಬಿ.ಜಿ.ಎಂ.ಐ. ಎಂದೂ ರಾತ್ರಿಯೆಲ್ಲ ಎದ್ದಿದ್ದು, ಮೊದಲನೇ ಪೀರಿಯಡ್ಡಿನಲ್ಲಿ ತೂಕಡಿಸುವುದನ್ನು ನೋಡುತ್ತಲೇ ಬಂದಿದ್ದೇನೆ. ಹಣ ಕಟ್ಟಿ ಆಡುವ ರಮ್ಮಿಯಿಂದ ಮನೆ ಕಳೆದುಕೊಂಡವರ ಸುದ್ದಿ ನಾವೆಲ್ಲ ಓದಿದ್ದೇವೆ. 2025ರ ಆಗಸ್ಟಿನಲ್ಲಿ ಸಂಸತ್ತು ಅಂಥ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನೇ ತರಬೇಕಾಯಿತು. ಇನ್ನು ನಮ್ಮ ಸ್ಟಾಫ್ ರೂಮಿನ ಕ್ಯಾಂಡಿ ಕ್ರಶ್. 2012ರಲ್ಲಿ ಹುಟ್ಟಿದ ಆ ಆಟಕ್ಕೆ ಸಾವಿರಾರು ಮೆಟ್ಟಿಲುಗಳಿವೆ. ಹತ್ತಿದಷ್ಟೂ ಹೊಸ ಮೆಟ್ಟಿಲು ಕಟ್ಟುತ್ತಲೇ ಇರುತ್ತಾರೆ. ನಾನೂ ಮಧ್ಯಾಹ್ನದ ಬಿಡುವಿನಲ್ಲಿ ಎರಡು ವರ್ಷ ಮಿಠಾಯಿ ಒಡೆದಿದ್ದೇನೆ. ಆ ಎರಡು ವರ್ಷದಲ್ಲಿ ನನಗೇನು ಸಿಕ್ಕಿತು ಎಂದು ಕೇಳಿದರೆ ಹೇಳಲು ಒಂದು ವಾಕ್ಯವೂ ಇಲ್ಲ. ಹೇಳಬೇಕೆಂದರೆ ಯಾವುದಕ್ಕಾದರೂ ಕೊನೆ ಇರಬೇಕು. ಕೊನೆಯಿಲ್ಲದ ಧಾರಾವಾಹಿಯ ಬಗ್ಗೆ ವಿಮರ್ಶೆ ಬರೆಯಲಾಗುತ್ತದೆಯೇ? ‘ನಿನ್ನೆ ಏನಾಯಿತು’ ಎಂದು ಕೇಳಬಹುದು, ಅಷ್ಟೆ.

2023ರ ದೀಪಾವಳಿಗೆ ಪುಣೆಯಿಂದ ಬಂದ ಮಗಳು ತನ್ನ ಹಳೆಯ ಲ್ಯಾಪ್‌ಟಾಪನ್ನು ನನಗೆ ಬಿಟ್ಟುಹೋದಾಗ ಹೇಳಿದ್ದೂ ಅದನ್ನೇ. “ಆ ಕ್ಯಾಂಡಿ ಬಿಡಮ್ಮ. ಇದರಲ್ಲಿ ಎಂಟು ಆಟ ಹಾಕಿದ್ದೀನಿ. ಎಲ್ಲಾ ಮುಗಿಯುವಂಥವು. ಕಾದಂಬರಿ ಓದಿದ ಹಾಗೆ ಆಡು. ನಾನು ಹೇಳಿದ ಕ್ರಮದಲ್ಲೇ ಆಡಬೇಕು, ಮುಗಿಸಿದ ಮೇಲೆ ಬರೆದಿಡಬೇಕು.” ಮಕ್ಕಳಿಗೆ ಹೋಂವರ್ಕ್ ಕೊಟ್ಟೇ ಕೂದಲು ನೆರೆತವಳಿಗೆ ಮಗಳು ಹೋಂವರ್ಕ್ ಕೊಟ್ಟಳು.

ಮುಗಿಯುವ ಆಟ ನಮಗೆ ಹೊಸದೇನಲ್ಲ. ಬೇಸಿಗೆ ರಜೆಯಲ್ಲಿ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಮನೆ ಗೀಚಿ, ಕವಡೆ ಉರುಳಿಸಿ ಚೌಕಾಬಾರ ಆಡಿದರೆ ದೀಪ ಹಚ್ಚುವ ಹೊತ್ತಿಗೆ ಒಬ್ಬರು ಹಣ್ಣಾಗಿ ಆಟ ಮುಗಿದಿರುತ್ತಿತ್ತು. ನಮ್ಮ ಅತ್ತೆ ಅಳಗುಳಿಮಣೆಯಲ್ಲಿ ಹುಣಿಸೆ ಬೀಜ ಸುರಿದು ಎಣಿಸುವಾಗ ಯಾರೂ ಮಾತಾಡಿಸುವಂತಿರಲಿಲ್ಲ. ಮೈಸೂರು ಸೀಮೆಯವರಾದ ನಮಗೆ ಆಟದ ವಿಷಯದಲ್ಲಿ ಒಬ್ಬ ದೊರೆಯೇ ಹಿರಿಯ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ‘ಶ್ರೀತತ್ತ್ವನಿಧಿ’ಯಲ್ಲಿ ದೇವತೆಗಳ ರೂಪಗಳ ಜೊತೆಗೆ ಆಟಗಳಿಗೂ ‘ಕೌತುಕನಿಧಿ’ ಎಂಬ ಒಂದು ಭಾಗವನ್ನೇ ಮೀಸಲಿಟ್ಟರು. ಗಂಜೀಫಾ ಎಲೆಗಳಲ್ಲಿ ಹೊಸ ಹೊಸ ಆಟ ಕಟ್ಟಿದರು. ಚದುರಂಗದ ಕುದುರೆ ಒಂದು ಮನೆಯನ್ನೂ ಬಿಡದೆ, ಒಂದು ಮನೆಯನ್ನೂ ಎರಡು ಸಲ ಮುಟ್ಟದೆ ಅರವತ್ತನಾಲ್ಕು ಮನೆ ಸುತ್ತುವ ದಾರಿ ಹಾಕಿದರು. ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನದವರು ‘ಕ್ರೀಡಾ ಕೌಶಲ್ಯ’ ಎಂಬ ಹೆಸರಿನಲ್ಲಿ ಈ ಹಳೆಯ ಆಟಗಳ ಮಣೆ, ಹಾಸು, ಕಾಯಿಗಳ ಪ್ರದರ್ಶನ ನಡೆಸುತ್ತಾ ಬಂದಿದ್ದಾರೆ. ಆಟವನ್ನು ಕುಸುರಿ ಕೆಲಸದಂತೆ ನೋಡುವುದು ಇಲ್ಲಿನವರಿಗೆ ಗೊತ್ತಿದ್ದ ವಿದ್ಯೆ. ಬೆಂಗಳೂರಿನಲ್ಲಿ 1997ರಲ್ಲೇ ಶುರುವಾದ ಧ್ರುವ ಇಂಟರಾಕ್ಟಿವ್ ಎಂಬ ಕಂಪನಿಯವರು ಹೊರದೇಶದ ದೊಡ್ಡ ದೊಡ್ಡ ಆಟಗಳಿಗೆ ಚಿತ್ರಕೆಲಸ ಮಾಡಿಕೊಟ್ಟರು. 2019ರಲ್ಲಿ ರಾಕ್‌ಸ್ಟಾರ್ ಎಂಬ ಅಮೆರಿಕದ ಕಂಪನಿ ಅದನ್ನು ಕೊಂಡಿತು. ಕೈ ನಮ್ಮವರದು, ಕಥೆ ಬೇರೆಯವರದು. ಮಗಳ ಪಟ್ಟಿಯಲ್ಲೂ ಕನ್ನಡದ ಆಟ ಒಂದೂ ಇರಲಿಲ್ಲ ಎಂಬ ಚುಚ್ಚು ನನಗಿದ್ದೇ ಇದೆ.

ನೋಟ್‌ಬುಕ್ಕಿಗೆ ಗೆರೆ ಹಾಕಿ ಕಾಲಂ ಮಾಡಿದೆ: ಆರಂಭಿಸಿದ ದಿನ, ಮುಗಿಸಿದ ದಿನ, ಹಿಡಿದ ಗಂಟೆ, ಅಭಿಪ್ರಾಯ, ಅಂಕ. ಅಂಕ ಇಪ್ಪತ್ತೈದಕ್ಕೆ. ಅಭ್ಯಾಸಬಲ, ಏನು ಮಾಡುವುದು!

ಮೊದಲನೆಯದು ‘ಮಾನ್ಯುಮೆಂಟ್ ವ್ಯಾಲಿ’. ಲಂಡನ್ನಿನ ಅಸ್‌ಟೂ ಎಂಬ ಸಂಸ್ಥೆ 2014ರಲ್ಲಿ ಹೊರತಂದದ್ದು. ಈಡಾ ಎಂಬ ಪುಟ್ಟ ರಾಜಕುಮಾರಿ ಗೋಪುರಗಳ ನಡುವೆ ನಡೆದುಹೋಗುತ್ತಾಳೆ. ಅಲ್ಲಿ ಕಣ್ಣಿಗೆ ಸೇರಿದಂತೆ ಕಂಡರೆ ಸಾಕು, ಎರಡು ದಾರಿ ನಿಜವಾಗಿಯೂ ಸೇರುತ್ತವೆ. ಗೋಪುರವನ್ನು ಬೆರಳಿನಿಂದ ತಿರುಗಿಸಿದರೆ ಕೆಳಗಿದ್ದ ಮೆಟ್ಟಿಲು ಮೇಲಿನದಕ್ಕೆ ಅಂಟಿಕೊಳ್ಳುತ್ತದೆ. ಜ್ಯಾಮಿತಿ ಪಾಠ ಮಾಡುವವರು ಇದನ್ನು ಒಂದು ಸಲವಾದರೂ ನೋಡಬೇಕು. ಆದರೆ ಒಂದು ಪೂರ್ತಿ ವಾರ ಅದರೊಳಗಿದ್ದರೂ ಈಡಾಳ ದುಃಖ ಏನೆಂದು ನನಗೆ ಹತ್ತಲಿಲ್ಲ. ರೇಷ್ಮೆ ಸೀರೆಯ ಅಂಗಡಿಯಲ್ಲಿ ಗಾಜಿನೊಳಗಿನ ಗೊಂಬೆ ನೋಡಿದ ಹಾಗೆ. ಎರಡನೇ ಭಾಗ 2017ರದು. ಅದರಲ್ಲಿ ರೋ ಎಂಬ ತಾಯಿ, ಅವಳ ಹಿಂದೆ ಓಡಾಡುವ ಒಂದು ಮಗು. ತಾಯಿ ನಡೆದರೆ ಮಗು ನಡೆಯುತ್ತದೆ. ಆಮೇಲೊಂದು ದಿನ ಮಗು ಒಬ್ಬಳೇ ಹೋಗಬೇಕು. ಇದಕ್ಕೆ ಇಪ್ಪತ್ತು ಕೊಟ್ಟೆ, ಮೊದಲನೆಯದಕ್ಕೆ ಹದಿನಾರು.

ಮುಂದಿನದು ‘ಮೆಷಿನೇರಿಯಮ್’, ಚೆಕ್ ದೇಶದವರು 2009ರಲ್ಲಿ ಮಾಡಿದ್ದು. ತಗಡಿನ ಪುಟ್ಟ ಯಂತ್ರಮಾನವನ ಕಥೆ. ಮಾತೇ ಇಲ್ಲ, ಎಲ್ಲವೂ ಬಿಡಿಸಬೇಕಾದ ಒಗಟು. ಅದರಲ್ಲಿ ಉತ್ತರ ಹೇಳಿಕೊಡುವ ಒಂದು ಪುಸ್ತಕವೂ ಇದೆ, ಆದರೆ ಅದರ ಬೀಗ ತೆಗೆಯಲು ಇನ್ನೊಂದು ಸಣ್ಣ ಆಟ ಗೆಲ್ಲಬೇಕು. ಗೈಡ್ ನೋಡಿ ಬರೆಯುವ ಮಕ್ಕಳನ್ನು ಬೈಯುವ ನಾನೇ ನಾಲ್ಕು ಸಲ ಗೈಡ್ ತೆರೆದೆ. ಐದನೆಯ ಸಲಕ್ಕೆ ನಾಚಿಕೆಯಾಗಿ ನಿಲ್ಲಿಸಿದೆ. ಆ ತಗಡು ಹುಡುಗನ ಗೆಳತಿಯನ್ನು ಕೇಡಿಗರು ಹಿಡಿದು ಅಡುಗೆಮನೆಯಲ್ಲಿ ಕೂಡಿಹಾಕಿ ಅಡುಗೆ ಮಾಡಿಸುತ್ತಾರಂತೆ. ಯಂತ್ರಲೋಕದಲ್ಲೂ ಹೆಣ್ಣಿಗೆ ಅದೇ ಜಾಗ! ಎಂಟರಲ್ಲಿ ಇದೊಂದು ಮುಗಿಯಲಿಲ್ಲ; ಪುಸ್ತಕದಲ್ಲಿ ‘ಗೈರುಹಾಜರಿ’ ಎಂದು ಬರೆದಿದ್ದೇನೆ.

‘ಫ್ಲಾರೆನ್ಸ್’ ಮುಗಿಯಲು ಒಂದು ಗಂಟೆಯೂ ಬೇಡ. ‘ಮಾನ್ಯುಮೆಂಟ್ ವ್ಯಾಲಿ’ಯನ್ನು ರೂಪಿಸಿದ ಕೆನ್ ವಾಂಗ್ ಎಂಬುವರು ಆಸ್ಟ್ರೇಲಿಯಾದಲ್ಲಿ ತಮ್ಮದೇ ಸಣ್ಣ ತಂಡ ಕಟ್ಟಿಕೊಂಡು 2018ರ ಫೆಬ್ರವರಿ 14ರಂದು ಬಿಡುಗಡೆ ಮಾಡಿದರು. ಇಪ್ಪತ್ತೈದು ವರ್ಷದ ಫ್ಲಾರೆನ್ಸ್ ಎಂಬ ಹುಡುಗಿ, ಕ್ರಿಶ್ ಎಂಬ ಭಾರತೀಯ ಮೂಲದ ಸಂಗೀತಗಾರ ಹುಡುಗ. ಪರಿಚಯ, ಪ್ರೀತಿ, ಜೊತೆವಾಸ, ಬೇಸರ, ಬೇರೆಯಾಗುವುದು. ಕಥೆ ಎಂದರೆ ಇಷ್ಟೇ, ನಮ್ಮ ವಾರಪತ್ರಿಕೆಗಳಲ್ಲಿ ಇದಕ್ಕಿಂತ ಒಳ್ಳೆಯ ನೂರು ಕಥೆ ಬಂದಿವೆ. ಆದರೆ ಒಂದು ಜಾಗದಲ್ಲಿ ನಾನು ಬೆರಳು ತೆಗೆದು ಹಾಗೇ ಕುಳಿತೆ. ಮೊದಲ ಸಲ ಇಬ್ಬರೂ ಹೋಟೆಲಿನಲ್ಲಿ ಕುಳಿತಾಗ ಅವಳು ಆಡಬೇಕಾದ ಒಂದೊಂದು ಮಾತನ್ನೂ ನಾವು ಚೂರು ಚೂರು ಜೋಡಿಸಿ ಕೊಡಬೇಕು. ಆರೇಳು ಚೂರು, ಕಷ್ಟ. ಸಲಿಗೆ ಬೆಳೆದಂತೆ ಚೂರುಗಳು ಕಡಿಮೆಯಾಗಿ ಕೊನೆಗೆ ಒಂದೇ ತುಂಡು. ಇಟ್ಟರೆ ಸಾಕು, ಮಾತು ಹೊರಡುತ್ತದೆ. ಮುಂದೆ ಜಗಳದ ದೃಶ್ಯದಲ್ಲೂ ಚೂರುಗಳು ಕಡಿಮೆಯೇ, ಆದರೆ ಈಗ ಅವುಗಳ ಅಂಚು ಗರಗಸದಂತೆ. ಸರಸರನೆ ಜೋಡಿಸುತ್ತೀರಿ. ಗೆಲ್ಲುವ ಆತುರದಲ್ಲಿ ಇನ್ನೂ ಬೇಗ ಜೋಡಿಸುತ್ತೀರಿ. ಆಮೇಲೆ ಗೊತ್ತಾಗುತ್ತದೆ, ಜೋಡಿಸಿದ್ದು ಬೈಗುಳ. ಬೈಯುವುದು ಎಷ್ಟು ಸುಲಭದ ಕೆಲಸ ಎಂದು ಪುಸ್ತಕದಲ್ಲಿ ಓದಿದರೆ ತಲೆದೂಗಿ ಪುಟ ತಿರುಗಿಸುತ್ತೇನೆ. ಇಲ್ಲಿ ಬೈದವಳು ನಾನೇ. ಅದಕ್ಕೆ ಅಂಕ ಕೊಟ್ಟೆ; ಉಳಿದ ಕಥೆಗೆ ಕಳೆದೆ. ಹದಿನೆಂಟು.

ಇನ್ನು ‘ಅನ್‌ಪ್ಯಾಕಿಂಗ್’. ಸಾಮಾನು ಬಿಚ್ಚುವುದು ಎಂದರ್ಥ. ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದ ವಿಚ್ ಬೀಮ್ ಎಂಬ ಪುಟ್ಟ ತಂಡದ್ದು, 2021ರ ನವೆಂಬರಿನಲ್ಲಿ ಬಂತು. ಇದನ್ನು ಆಟವೆನ್ನಲು ನಮ್ಮವರು ಒಪ್ಪಲಿಲ್ಲ. “ಮನೆಯ ಸಾಮಾನು ಜೋಡಿಸೋದು ಸಾಲದೂಂತ ಇದರಲ್ಲೂ ಜೋಡಿಸ್ತೀಯಾ?” ಎಂದರು. ನಿಜವೇ. ರಟ್ಟಿನ ಪೆಟ್ಟಿಗೆ ತೆರೆದು ಒಂದೊಂದೇ ವಸ್ತು ತೆಗೆದು ಕಪಾಟು, ಮೇಜು, ಬಚ್ಚಲುಮನೆಯ ಗೂಡುಗಳಲ್ಲಿ ಇಡುವುದು, ಅಷ್ಟೇ ಕೆಲಸ. 1997ರಲ್ಲಿ ಒಬ್ಬ ಹುಡುಗಿಗೆ ಮೊದಲ ಸಲ ಸ್ವಂತ ಕೋಣೆ ಸಿಗುತ್ತದೆ. ಅಲ್ಲಿಂದ 2018ರವರೆಗೆ ಅವಳು ಎಂಟು ಸಲ ಸಾಮಾನು ಬಿಚ್ಚುತ್ತಾಳೆ. ಅವಳ ಮುಖ ನಾವು ನೋಡುವುದಿಲ್ಲ, ಹೆಸರೂ ಗೊತ್ತಿಲ್ಲ. ಗೊತ್ತಿರುವುದು ಅವಳ ಬಟ್ಟೆ, ಬೊಂಬೆ, ಪುಸ್ತಕ, ಬಾಣಲೆ.

2010ರ ಮನೆ ಅವಳ ಗೆಳೆಯನದು. ಈಗಾಗಲೇ ಅವನ ಸಾಮಾನಿನಿಂದ ತುಂಬಿದೆ. ಅವನ ಶರಟುಗಳನ್ನು ಒತ್ತರಿಸಿ ಇವಳ ಬಟ್ಟೆಗೆ ಜಾಗ ಮಾಡಬೇಕು. ಪೆಟ್ಟಿಗೆಯಲ್ಲಿ ಅವಳ ಡಿಗ್ರಿ ಸರ್ಟಿಫಿಕೇಟು ಬರುತ್ತದೆ, ಚೌಕಟ್ಟು ಹಾಕಿಸಿದ್ದು. ಗೋಡೆಗೆ ಹಿಡಿದೆ, ಜಾಗವಿಲ್ಲ. ಮೇಜಿನ ಮೇಲಿಟ್ಟೆ, ಸುತ್ತ ಕೆಂಪು ಗೆರೆ ಬಂತು. ಇದು ಅದರ ಜಾಗವಲ್ಲ ಎಂದು ಅರ್ಥ. ಅಡುಗೆಮನೆ, ಬಚ್ಚಲುಮನೆ, ಎಲ್ಲ ಕಡೆ ಪ್ರಯತ್ನಿಸಿದೆ. ಅರ್ಧ ಗಂಟೆ ಆದ ಮೇಲೆ ಸಿಟ್ಟಿನಿಂದ ಮಂಚದ ಕೆಳಗೆ ತಳ್ಳಿದೆ. ಕೆಂಪು ಗೆರೆ ಮಾಯವಾಯಿತು.

ನಾನು ಮದುವೆಯಾಗಿ ತಲಕಾಡಿಗೆ ಬಂದದ್ದು 1994ರಲ್ಲಿ. ಬಿ.ಎ., ಬಿ.ಎಡ್. ಎರಡರ ಸರ್ಟಿಫಿಕೇಟೂ ನನ್ನ ತವರಿನ ತಗಡಿನ ಟ್ರಂಕಿನಲ್ಲಿ ಬಂದವು. ಟ್ರಂಕಿಗೆ ಸಿಕ್ಕಿದ ಜಾಗ ಅತ್ತೆಯ ಮಂಚದ ಕೆಳಗೆ, ಅದರ ಮುಂದೆ ರಾಗಿ ಮೂಟೆ. ಯಾರೂ ನನಗೆ ಕೆಟ್ಟದ್ದು ಬಯಸಿರಲಿಲ್ಲ. ಮನೆ ತುಂಬಿತ್ತು, ಅಷ್ಟೇ. ಕೆಲಸದ ಅರ್ಜಿ ಕರೆದಿದ್ದಾರೆಂದು ಗೊತ್ತಾದ ದಿನ ಮೂಟೆ ಸರಿಸುವವರಿಲ್ಲದೆ ಸಂಜೆಯವರೆಗೆ ಕಾದೆ. ಈ ವಿಷಯವನ್ನು ನಾನು ಯಾರಿಗೂ ಹೇಳಿದವಳಲ್ಲ, ಹೇಳುವಂಥ ಕಷ್ಟವೆಂದೂ ಅನ್ನಿಸಿರಲಿಲ್ಲ. ಕಷ್ಟವೆಂದು ಹೆಸರಿಡಲಾಗದ ಇಂಥ ಸಣ್ಣ ಸಂಗತಿಗಳನ್ನು ಹೇಳುವುದಕ್ಕೆ ಆ ಕೆಂಪು ಗೆರೆಯಂಥ ಭಾಷೆ ಬೇಕಿತ್ತು. ಅಲ್ಲಿ ಖಳನಾಯಕನಿಲ್ಲ, ಸಂಭಾಷಣೆಯಿಲ್ಲ. ನಮ್ಮ ಕೈಯಿಂದಲೇ ತಳ್ಳಿಸುತ್ತಾರೆ.

ಮುಂದೆ ಅವಳು ತವರಿಗೆ ಮರಳುತ್ತಾಳೆ, ಮತ್ತೆ ಏಳುತ್ತಾಳೆ. ಕೊನೆಗೆ ಅವಳ ಬಾಳಿಗೆ ಬರುವ ಜೊತೆ ಇನ್ನೊಬ್ಬ ಹೆಂಗಸು. ಆಟ ಅದನ್ನು ಬಾಯಿಬಿಟ್ಟು ಹೇಳದೆ ಬಟ್ಟೆಬರೆಯಲ್ಲೇ ಹೇಳುವುದರಿಂದ ನಾನು ಎರಡು ಸಲ ಬೀರು ನೋಡಿ ಖಚಿತಮಾಡಿಕೊಂಡೆ. ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ, ಸುಳ್ಳೇಕೆ ಹೇಳಲಿ. ಆಮೇಲೆ ಆ ಮನೆಯಲ್ಲಿ ಇಬ್ಬರ ಸಾಮಾನಿಗೂ ಜಾಗವಿದೆ ಎಂಬುದು ಕಣ್ಣಿಗೆ ಬಿತ್ತು. ನನ್ನ ತಕರಾರು ಅಲ್ಲಿಗೆ ನಿಂತಿತು. ಇಪ್ಪತ್ತಮೂರು.

‘ಜರ್ನಿ’ಯ ವಿಷಯ ಬರೆಯುವಾಗ ತಲಕಾಡಿನವಳೆಂಬ ಪಕ್ಷಪಾತ ಬಂದರೆ ಓದುಗರು ಕ್ಷಮಿಸಬೇಕು. 2012ರಲ್ಲಿ ಜೆನೋವಾ ಚೆನ್ ಎಂಬುವರ ತಂಡ ಮಾಡಿದ್ದು. ಅದಕ್ಕೆ ಆಸ್ಟಿನ್ ವಿಂಟರಿ ಕೊಟ್ಟ ಸಂಗೀತ ಗ್ರ್ಯಾಮಿ ಪ್ರಶಸ್ತಿಗೆ ನಾಮಕರಣಗೊಂಡಿತ್ತು; ಒಂದು ವಿಡಿಯೋ ಆಟದ ಪೂರ್ತಿ ಹಿನ್ನೆಲೆ ಸಂಗೀತಕ್ಕೆ ಆ ಗೌರವ ಅದೇ ಮೊದಲು. ತೆರೆಯ ಮೇಲೆ ಮರಳು. ಕಣ್ಣು ಹಾಯುವವರೆಗೂ ಮರಳು. ಅದರಲ್ಲಿ ಅರ್ಧ ಹೂತುಹೋದ ಕಂಬ, ಕಮಾನು, ಗೋಡೆ. ದೂರದಲ್ಲಿ ತುದಿ ಬೆಳಗುವ ಒಂದು ಬೆಟ್ಟ. ಕೆಂಪು ನಿಲುವಂಗಿ ತೊಟ್ಟ, ಮುಖ ಮುಚ್ಚಿದ ಒಬ್ಬ ಯಾತ್ರಿಕ. ಅದು ಗಂಡೋ ಹೆಣ್ಣೋ ತಿಳಿಯದು. ನಡೆಯಬೇಕು.

ನನಗೆ ನಗು ಬಂತು. ಇದನ್ನು ನೋಡಲು ಲ್ಯಾಪ್‌ಟಾಪು ಯಾಕೆ, ಹಿತ್ತಲ ಬಾಗಿಲು ತೆರೆದರೆ ಸಾಲದೆ! ಗಂಗರು ಆಳಿದ ಊರು, ಚೋಳರು ಹಿಡಿದ ಊರು, ವಿಷ್ಣುವರ್ಧನ ಗೆದ್ದು ‘ತಲಕಾಡುಗೊಂಡ’ ಎಂದು ಬಿರುದು ಹೊತ್ತು ಕೀರ್ತಿನಾರಾಯಣನ ಗುಡಿ ಕಟ್ಟಿಸಿದ ಊರು, ಎಲ್ಲವೂ ಮರಳಿನ ಕೆಳಗೆ. ಪಾತಾಳೇಶ್ವರನನ್ನು ನೋಡಲು ಮೆಟ್ಟಿಲಿಳಿದು ಹೋಗಬೇಕು. ಪಂಚಲಿಂಗ ದರ್ಶನದ ವರ್ಷ ಬಂದರೆ ಲಕ್ಷಗಟ್ಟಲೆ ಜನ ಆ ಮರಳಿನಲ್ಲಿ ಕಾಲು ಹೂತುಕೊಂಡು ನಡೆಯುತ್ತಾರೆ. 2013ರಲ್ಲಿ ನಾನೂ ಅತ್ತೆಯ ಕೈ ಹಿಡಿದು ನಡೆದಿದ್ದೆ. ಅಲಮೇಲಮ್ಮನ ಶಾಪವೆಂದು ಹಿರಿಯರು ಹೇಳುತ್ತಾರೆ. ನದಿಗೆ ಅಣೆಕಟ್ಟು ಕಟ್ಟಿದ ಮೇಲೆ ಬಯಲಾದ ಮರಳನ್ನು ಗಾಳಿ ಹೊತ್ತು ತಂದಿತೆಂದು ತಿಳಿದವರು ಹೇಳುತ್ತಾರೆ. ತರಗತಿಯಲ್ಲಿ ನಾನು ಎರಡನ್ನೂ ಹೇಳುತ್ತೇನೆ. ಮಕ್ಕಳು ಒಂದನ್ನೇ ನೆನಪಿಟ್ಟುಕೊಳ್ಳುತ್ತಾರೆ, ಯಾವುದೆಂದು ಹೇಳಬೇಕಾಗಿಲ್ಲ. ಅಷ್ಟಾಗಿಯೂ, ಮೂವತ್ತು ವರ್ಷ ಈ ಮರಳಿನ ಮೇಲೆ ಓಡಾಡಿದ ನಾನು ಅದನ್ನು ಗುಡಿಸಬೇಕಾದ ವಸ್ತು ಎಂದೇ ನೋಡಿದ್ದೆ. ಸಂಜೆ ಬಿಸಿಲಿನಲ್ಲಿ ಮರಳಿನ ಇಳಿಜಾರು ಹೊಳೆಯುವುದನ್ನು ಆಟದಲ್ಲಿ ಕಂಡ ಮೇಲೆ ಮರುದಿನ ಶಾಲೆ ಬಿಟ್ಟು ಬರುವಾಗ ಬಸ್ಸಿಳಿದು ಆ ದಾರಿಯಲ್ಲೇ ಬಂದೆ. ನೀಲಗಿರಿ ಮರಗಳ ನಡುವೆ ಹಾಗೆಯೇ ಹೊಳೆಯುತ್ತಿತ್ತು.

ಆ ಆಟದಲ್ಲಿ ಇನ್ನೊಂದು ವಿಶೇಷವಿದೆ. ದಾರಿಯಲ್ಲಿ ನಿಮ್ಮಂಥದೇ ಇನ್ನೊಂದು ಆಕೃತಿ ಕಾಣಿಸುತ್ತದೆ. ಅದು ಯಂತ್ರವಲ್ಲ, ಜಗತ್ತಿನ ಯಾವುದೋ ಮೂಲೆಯಲ್ಲಿ ಆ ಕ್ಷಣ ಆಡುತ್ತಿರುವ ನಿಜವಾದ ಮನುಷ್ಯ. ಹೆಸರು ಕಾಣದು, ಮಾತಾಡುವಂತಿಲ್ಲ, ಬರೆಯುವಂತಿಲ್ಲ. ಮಾಡಬಹುದಾದ್ದು ಒಂದೇ, ಹಕ್ಕಿ ಕೂಗಿದಂತೆ ಒಂದು ಸ್ವರ ಹೊರಡಿಸುವುದು. ನನಗೆ ಜಿಗಿಯಲು ಬಾರದ ಕಡೆಯಲ್ಲೆಲ್ಲ ಆ ಜೊತೆಗಾರ ನಿಂತು ಕಾದ. ಕಾದ ಅಥವಾ ಕಾದಳು. ಕೊನೆಯ ಹಿಮದ ಏರಿನಲ್ಲಿ ಗಾಳಿಗೆ ಇಬ್ಬರೂ ಕುಸಿಯುತ್ತಾ, ಕೂಗುವ ಸ್ವರವೂ ಸಣ್ಣಗಾಗುತ್ತಾ ಹೋಗುತ್ತದೆ. ನಮ್ಮ ಪೈಕಿ ಯಾರು ಮೊದಲು ಬಿದ್ದರೋ ಕಾಣಿಸಲಿಲ್ಲ. ಆಮೇಲೆ ಬರುವ ಆಕಾಶದ ಭಾಗ ತುಸು ಹೆಚ್ಚಾಯಿತೆಂದು ನನ್ನ ಅಭಿಪ್ರಾಯ. ಹಿಮದಲ್ಲಿ ಬಿದ್ದಲ್ಲಿಗೇ ನಿಲ್ಲಿಸಿದ್ದರೆ ಇನ್ನೂ ಎರಡು ಅಂಕ ಕೊಡುತ್ತಿದ್ದೆ. ಎಲ್ಲ ಮುಗಿದ ಮೇಲೆ ದಾರಿಯಲ್ಲಿ ಸಿಕ್ಕಿದವರ ಹೆಸರು ತೋರಿಸುತ್ತಾರೆ, ಅಕ್ಷರ ಅಂಕಿ ಬೆರೆತ ಅಡ್ಡಹೆಸರು. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಇಪ್ಪತ್ತೆರಡು.

ಕೊನೆಯ ಎರಡು ಆಟಗಳನ್ನು ಒಟ್ಟಿಗೆ ಹೇಳಬೇಕು. ಒಂದಕ್ಕೆ ಕೊಟ್ಟ ಅಂಕವನ್ನು ಇನ್ನೊಂದು ಬಂದು ತಿದ್ದಿಸಿತು.

‘ವೆಂಬಾ’ 2023ರದು. ಟೊರಾಂಟೊ ನಗರದ ತಮಿಳು ಮೂಲದ ತರುಣರ ತಂಡದ್ದು. ಮರುವರ್ಷ ಬ್ರಿಟನ್ನಿನ ಬಾಫ್ಟಾ ಸಂಸ್ಥೆ ಮೊದಲ ಕೃತಿಗೆ ಕೊಡುವ ಪ್ರಶಸ್ತಿ ಅದಕ್ಕೆ ಬಂತು. 1988ರಲ್ಲಿ ತಮಿಳುನಾಡಿನಿಂದ ಕೆನಡಾಕ್ಕೆ ಹೋದ ವೆಂಬಾ, ಅವಳ ಗಂಡ ಪಾವಲನ್, ಮುಂದೆ ಹುಟ್ಟುವ ಮಗ ಕವಿನ್. ವೆಂಬಾಳ ತಾಯಿ ಬರೆದುಕೊಟ್ಟ ಅಡುಗೆ ಪುಸ್ತಕ ಅಲ್ಲಲ್ಲಿ ಹರಿದು ಮಸುಕಾಗಿದೆ. ಅಳಿಸಿದ್ದನ್ನು ಊಹಿಸಿ ನಾವು ಅಡುಗೆ ಮಾಡಬೇಕು. ಮೊದಲ ಅಡುಗೆಯೇ ಇಡ್ಲಿ. ತಟ್ಟೆಗಳನ್ನು ಹೇಗೆ ಪೇರಿಸಿದರೆ ಹಬೆ ಆಡುತ್ತದೆ ಎಂಬುದೇ ಒಗಟು. ಬೇರೆ ದೇಶದವರು ಅಲ್ಲಿ ತಲೆ ಕೆರೆದುಕೊಂಡಿರಬೇಕು. ನಾನು ಅರೆನಿಮಿಷದಲ್ಲಿ ಇಟ್ಟು, ಎಂಟು ಆಟದಲ್ಲಿ ಮೊದಲ ಬಾರಿಗೆ ಗೈಡಿಲ್ಲದೆ ಪಾಸಾದೆ. ಪುಟ್ಟಿನ ಕೊಳವೆಗೆ ಹಿಟ್ಟು ತೆಂಗಿನತುರಿ ತುಂಬುವುದಕ್ಕೆ ಮಾತ್ರ ಒಂದು ಸಲ ತಪ್ಪಿದೆ.

ಕವಿನ್ ಶಾಲೆಗೆ ಹೋಗಿ ಕೆವ್ ಆಗುತ್ತಾನೆ. ಅವ್ವ ತಮಿಳಿನಲ್ಲಿ ಕೇಳಿದರೆ ಮಗ ಇಂಗ್ಲಿಷಿನಲ್ಲಿ ಹೇಳುತ್ತಾನೆ. ದೊಡ್ಡವನಾದ ಮೇಲೆ ಅಜ್ಜಿಯ ಪುಸ್ತಕ ಹಿಡಿದು ಅಡುಗೆಗೆ ನಿಂತರೆ ಕೆಲವು ಪದಗಳು ಅವನಿಗೆ ಓದಲು ಬರುವುದಿಲ್ಲ. ನಾನು ಅತ್ತೆ. ಬೆಂಗಳೂರಿಗೆ, ಪುಣೆಗೆ, ಹೊರದೇಶಕ್ಕೆ ಮಕ್ಕಳನ್ನು ಕಳುಹಿಸಿದ ಯಾವ ತಾಯಿ ಅಳುವುದಿಲ್ಲ? ಅದೇ ರಾತ್ರಿ ಇಪ್ಪತ್ನಾಲ್ಕು ಎಂದು ಬರೆದು, ಅಭಿಪ್ರಾಯದ ಕಾಲಮಿನಲ್ಲಿ ‘ಪ್ರತಿಯೊಬ್ಬ ಮಗನೂ ಮಗಳೂ ಆಡಬೇಕಾದದ್ದು’ ಎಂದು ಅಡಿಗೆರೆ ಎಳೆದೆ. ನೋಟ್‌ಬುಕ್ಕಿನ ಆ ಪುಟದ ಫೋಟೋ ತೆಗೆದು ಮಗಳಿಗೂ ಕಳುಹಿಸಿದೆ. ಅವಳಿಂದ ಬಂದದ್ದು ಒಂದೇ ಸಾಲು: “ಇನ್ನೊಂದು ಬಾಕಿ ಇದೆ, ಅಮ್ಮ.”

ಬಾಕಿ ಇದ್ದದ್ದು ‘ಎ ಶಾರ್ಟ್ ಹೈಕ್’, ಒಂದು ಸಣ್ಣ ಚಾರಣ. ಆಡಂ ರಾಬಿನ್ಸನ್-ಯೂ ಎಂಬ ಕೆನಡಾದ ತರುಣ ಹೆಚ್ಚೂಕಡಿಮೆ ಒಬ್ಬನೇ ಮಾಡಿ 2019ರಲ್ಲಿ ಹೊರತಂದದ್ದು. ಕ್ಲೇರ್ ಎಂಬ ಹಕ್ಕಿಮರಿ ಚಿಕ್ಕಮ್ಮನ ಜೊತೆ ಒಂದು ದ್ವೀಪದಲ್ಲಿ ರಜೆ ಕಳೆಯುತ್ತಿದೆ. ಒಂದು ಮುಖ್ಯವಾದ ಫೋನು ಬರಬೇಕು, ಆದರೆ ಅಲ್ಲಿ ಸಿಗ್ನಲ್ ಇಲ್ಲ. ಬೆಟ್ಟದ ತುದಿಗೆ ಹೋದರೆ ಮಾತ್ರ ಸಿಗುತ್ತದೆ. ಹತ್ತಲು ಚಿನ್ನದ ಗರಿಗಳು ಬೇಕು, ಗರಿ ಹುಡುಕಲು ಊರೆಲ್ಲ ಅಲೆಯಬೇಕು. ದಾರಿಯಲ್ಲಿ ಮೀನು ಹಿಡಿಯುವವರು, ಓಟದ ಪಂದ್ಯ ಕಟ್ಟುವವರು, ಏನನ್ನೋ ಕಳೆದುಕೊಂಡು ಹುಡುಕುವವರು. ಯಾರೂ ಅವಸರ ಮಾಡುವುದಿಲ್ಲ. ಡಿಸೆಂಬರಿನ ಕೊನೆಯ ವಾರ, ನಾಲ್ಕು ರಾತ್ರಿ ನಾನು ಆ ದ್ವೀಪದಲ್ಲಿ ಆರಾಮವಾಗಿ ತಿರುಗಿದೆ. ಮೀನು ಕೂಡ ಹಿಡಿದೆ, ಸಸ್ಯಾಹಾರಿಯಾದ್ದರಿಂದ ಮಾರಿಬಿಟ್ಟೆ.

ತುದಿ ಮುಟ್ಟಿದಾಗ ಫೋನು ಬರುತ್ತದೆ. ಕರೆ ಅಮ್ಮನದು. ಅಮ್ಮನಿಗೆ ಆಪರೇಷನ್ ಆಗಿದೆ, ಚೆನ್ನಾಗಿಯೇ ಆಗಿದೆ. ತಾನು ಪಕ್ಕದಲ್ಲಿರಬೇಕಿತ್ತೆಂದು ಮಗಳು ಕೊರಗುತ್ತಾಳೆ. ಅಮ್ಮ ಸಮಾಧಾನ ಮಾಡುತ್ತಾಳೆ, ದಿನ ಹೇಗಿತ್ತೆಂದು ವಿಚಾರಿಸುತ್ತಾಳೆ. ಮಾತು ಹೆಚ್ಚಿಲ್ಲ. ಬೆಟ್ಟದ ಮೇಲೆ ಗಾಳಿ ಏಳುತ್ತದೆ, ಹಕ್ಕಿಮರಿ ರೆಕ್ಕೆ ಬಿಚ್ಚಿ ಕೆಳಕ್ಕೆ ತೇಲುತ್ತದೆ.

2018ರ ಮೇ ತಿಂಗಳಲ್ಲಿ ಮೈಸೂರಿನ ಒಂದು ಆಸ್ಪತ್ರೆಯಲ್ಲಿ ನನ್ನ ಗರ್ಭಕೋಶ ತೆಗೆದರು. ಮಗಳು ಆಗ ಹುಬ್ಬಳ್ಳಿಯಲ್ಲಿ ಕೊನೆಯ ಸೆಮಿಸ್ಟರ್ ಪರೀಕ್ಷೆ ಬರೆಯುತ್ತಿದ್ದಳು. ಅವಳಿಗೆ ಹೇಳಬಾರದೆಂದು ಮನೆಮಂದಿಗೆಲ್ಲ ತಾಕೀತು ಮಾಡಿದ್ದೆ. ಆಸ್ಪತ್ರೆಯ ಮಂಚದಿಂದಲೇ ಫೋನಿನಲ್ಲಿ, “ಬಿಸಿಲು ಜಾಸ್ತಿ ಕಣೇ, ಅದಕ್ಕೇ ದನಿ ಹೀಗಾಗಿದೆ, ನೀನು ಓದ್ಕೋ” ಎಂದಿದ್ದೆ. ಹನ್ನೊಂದು ದಿನ. ಪರೀಕ್ಷೆ ಮುಗಿಸಿ ಬಂದವಳು ನಾನು ನಡೆಯುವ ರೀತಿ ನೋಡಿ ಬಾಗಿಲಲ್ಲೇ ನಿಂತಳು. ಏನೂ ಕೇಳಲಿಲ್ಲ, ಅಳಲಿಲ್ಲ. ಅಡುಗೆಮನೆಗೆ ಹೋಗಿ ಗಂಜಿ ಮಾಡಿಕೊಟ್ಟಳು. ಅದಾದ ಮೇಲೆ ಅವಳೂ ನನಗೆ ಏನನ್ನೂ ಹೇಳುವುದನ್ನು ಬಿಟ್ಟಳು. ಕೆಲಸ ಬದಲಾಯಿಸಿದ್ದು, ಮನೆ ಬದಲಾಯಿಸಿದ್ದು, ಜ್ವರ ಬಂದದ್ದು, ಎಲ್ಲವೂ ಆಗಿಹೋದ ಮೇಲೆ ತಿಳಿಯುತ್ತಿತ್ತು. ಮಗಳು ದೂರವಾದಳು, ಕಾಲವೇ ಹಾಗೆ, ಪುಣೆಯ ಗಾಳಿಯೇ ಹಾಗೆ ಎಂದುಕೊಂಡಿದ್ದೆ. ‘ವೆಂಬಾ’ ನೋಡಿ ಅತ್ತದ್ದೂ ಅದಕ್ಕೇ.

ವೆಂಬಾಳ ಕಥೆಯಲ್ಲಿ ಒಂದು ಕೊರತೆ ಇದೆ ಎಂದು ಈಗ ಬರೆಯಬಲ್ಲೆ. ಅಲ್ಲಿ ತಾಯಿ ಕಾಯುತ್ತಾಳೆ, ಬೇಯಿಸುತ್ತಾಳೆ, ನೋಯ್ದುಕೊಳ್ಳುತ್ತಾಳೆ. ಮಗ ಮರೆಯುತ್ತಾನೆ, ಆಮೇಲೆ ಅರಿಯುತ್ತಾನೆ. ತಪ್ಪೆಲ್ಲ ಒಂದೇ ಕಡೆ. ಆಡಿದವಳಿಗೆ ಹಿತವಾಗುತ್ತದೆ, ತನ್ನ ಪಾಲಿನ ಲೆಕ್ಕ ನೋಡುವ ಅಗತ್ಯ ಬೀಳುವುದಿಲ್ಲ. ಇಡ್ಲಿಯ ಒಗಟು ನನಗೆ ಅಷ್ಟು ಸುಲಭವಾದಂತೆಯೇ ಆ ಕಣ್ಣೀರೂ ಸುಲಭವಾಗಿ ಬಂತು. ಎರಡೂ ನನಗೆ ಮೊದಲೇ ಗೊತ್ತಿದ್ದ ವಿದ್ಯೆ. ಹಕ್ಕಿಮರಿಯ ಆಟ ಹಾಗೆ ಬೆನ್ನು ತಟ್ಟಲಿಲ್ಲ. ಅದು ಯಾರನ್ನೂ ದೂರುವುದೂ ಇಲ್ಲ. ಆದರೆ ನಾಲ್ಕು ರಾತ್ರಿ ನಾನು ಮಗಳಾಗಿ ಆ ಬೆಟ್ಟ ಹತ್ತಿದ್ದೆ, ಆತಂಕವನ್ನು ಒಳಗಿಟ್ಟುಕೊಂಡು ಮೀನು ಹಿಡಿಯುತ್ತಾ, ಓಡುತ್ತಾ. ತುದಿಗೆ ಹೋದ ಮೇಲೆ ಅದೆಲ್ಲ ಆರಾಮವಾಗಿರಲಿಲ್ಲ, ಕಾಯುವುದಾಗಿತ್ತು ಎಂದು ತಿಳಿಯುತ್ತದೆ. ಕ್ಲೇರ್‌ಗೆ ಕಾಯುವುದಕ್ಕಾದರೂ ಒಂದು ಕರೆ ಇತ್ತು. ನನ್ನ ಮಗಳಿಗೆ ನಾನು ಅದನ್ನೂ ಕೊಟ್ಟಿರಲಿಲ್ಲ. ‘ವೆಂಬಾ’ದ ಇಪ್ಪತ್ನಾಲ್ಕನ್ನು ಹೊಡೆದು ಹತ್ತೊಂಬತ್ತು ಮಾಡಿದೆ. ಹಕ್ಕಿಮರಿಯ ಮುಂದೆ ಅಂಕ ಬರೆಯಲು ಹೋಗಿ ಬಿಟ್ಟೆ.

ರಾತ್ರಿ ಹನ್ನೊಂದಾಗಿತ್ತು. ಫೋನು ಮಾಡಿದೆ.

“ಬೇಕಂತಲೇ ಇದನ್ನ ಕೊನೆಗಿಟ್ಟಿದ್ದೆಯಾ?”

“ಹೂಂ ಅಮ್ಮ.”

“ಬಾಯಿಬಿಟ್ಟು ಹೇಳಬಹುದಿತ್ತಲ್ಲ?”

“ನೀನು ಹೇಳಿದ್ದೆಯಾ?” ಎಂದಳು. ಸ್ವಲ್ಪ ತಡೆದು, “ಈಗ ಏನೂ ಮುಚ್ಚಿಟ್ಟಿಲ್ಲ ತಾನೆ?” ಎಂದಳು.

ಮುಚ್ಚಿಟ್ಟಿದ್ದೆ. ಕುತ್ತಿಗೆಯಲ್ಲಿ ಸಣ್ಣ ಗಂಟೊಂದು ಕಾಣಿಸಿಕೊಂಡು ಎರಡು ತಿಂಗಳಾಗಿತ್ತು. ಸ್ಕ್ಯಾನ್ ಮಾಡಿಸಿ ಎಂದು ಡಾಕ್ಟರು ಚೀಟಿ ಬರೆದುಕೊಟ್ಟಿದ್ದರು. ಚೀಟಿ ಗೋಡೆಬೀರುವಿನಲ್ಲಿ, ಇದೇ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿತ್ತು. ನಮ್ಮವರಿಗೂ ಹೇಳಿರಲಿಲ್ಲ. ಹೇಳಿದೆ.

ಮುಂದಿನ ಶನಿವಾರ ಬೆಳಿಗ್ಗೆ ಅವಳು ಬ್ಯಾಗು ಹೊತ್ತು ಬಾಗಿಲಲ್ಲಿದ್ದಳು. ರಿಪೋರ್ಟು ಆಮೇಲೆ ಒಳ್ಳೆಯದೇ ಬಂತು, ಆದರೆ ಆ ದಿನ ಅದು ನಮಗೆ ಗೊತ್ತಿರಲಿಲ್ಲ. ಮೈಸೂರಿನ ಬಸ್ಸಿನಲ್ಲಿ ಕಿಟಕಿ ಪಕ್ಕ ನನ್ನನ್ನು ಕೂರಿಸಿ, ತಾನು ನೋಟ್‌ಬುಕ್ಕು ತೆರೆದು ಮೊದಲಿನಿಂದ ಓದತೊಡಗಿದಳು. “ಫ್ಲಾರೆನ್ಸ್‌ಗೆ ಬರೀ ಹದಿನೆಂಟಾ? ಏನಮ್ಮ ಇದು ಅನ್ಯಾಯ!” ಎಂದಳು. ಕಥೆ ತೆಳು ಎಂದೆ. ತೆಳುವಾಗಿರುವುದೇ ಅದರ ಗುಣ ಎಂದು ವಾದಕ್ಕೆ ಕುಳಿತಳು. ಟಿ. ನರಸೀಪುರದ ಸೇತುವೆ ದಾಟುವವರೆಗೂ ನಾನು ಅರ್ಧ ಅಂಕವನ್ನೂ ಬಿಡಲಿಲ್ಲ.